‘ಇನ್ನೊಂದ್ಸಲ ಹೇಳಿ ಸಾರ್’

ಕಳೆದ ತಿಂಗಳು ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಮಗನನ್ನು ಕರೆದುಕೊಂಡು ಚಿಕ್ಕಮಗಳೂರಿನ ನನ್ನ ಗ್ಯಾರೇಜಿಗೆ ಬಂದಿದ್ದರು. ಹುಡುಗನಿಗೆ 16 ವರ್ಷ. ಬೆಂಗಳೂರಿನಲ್ಲಿ ಎರಡು ವರ್ಷ ಕಾರ್ಟಿಂಗ್, ಅಂದರೆ ಪುಟ್ಟ ರೇಸ್ ಗಾಡಿಗಳ ಓಟ, ಮಾಡಿದ್ದಾನೆ. ವಿಡಿಯೋ ನೋಡಿದೆ, ಒಳ್ಳೆ ಕೈ ಇದೆ. ಕಾಫಿ ಕುಡಿದು ಮುಗಿಸುವ ಮೊದಲೇ ಅಪ್ಪ ವಿಷಯಕ್ಕೆ ಬಂದರು. ‘ಸಾರ್, ವರ್ಸ್ಟಾಪೆನ್ 17ಕ್ಕೇ ಫಾರ್ಮುಲಾ ಒನ್‌ಗೆ ಹೋದ್ನಲ್ಲ. ಇವನನ್ನ ಇಲ್ಲೇ ಸಣ್ಣ ಕಾರಲ್ಲಿ ಕೂರಿಸಿದ್ರೆ ವರ್ಷ ಹಾಳಲ್ವಾ? ನೇರವಾಗಿ ಯುರೋಪಿಗೆ ಕಳಿಸಿದ್ರೆ ಹೇಗೆ?’

ವರ್ಷಕ್ಕೆ ನಾಲ್ಕೈದು ಅಪ್ಪಂದಿರು ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ. ಅವತ್ತು ಅರ್ಧ ಗಂಟೆಯಲ್ಲಿ ಎಲ್ಲ ಹೇಳಲು ಆಗಲಿಲ್ಲ. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಫಾರ್ಮುಲಾ ಕಾರು ಓಡಿಸಿದವನಲ್ಲ. ನಮ್ಮ ಮಲೆನಾಡಿನ ತೋಟದ ರಸ್ತೆಗಳಲ್ಲಿ ರ‍್ಯಾಲಿ ಕಾರಿನ ಎಡಗಡೆ ಸೀಟಿನಲ್ಲಿ ಕೂತು ನೋಟ್ಸ್ ಓದಿದವನು. ಅಂದರೆ ಕೋ-ಡ್ರೈವರ್. ಈಗ ಹುಡುಗರಿಗೆ ಕಲಿಸುತ್ತೇನೆ. ಮುಂದೆ ಬರುವ ತಿರುವನ್ನು ಡ್ರೈವರ್‌ಗೆ ಮೊದಲೇ ಹೇಳುವುದು ಕೋ-ಡ್ರೈವರ್ ಕೆಲಸ. ‘ಲೆಫ್ಟ್ ತ್ರೀ, ಹಂಡ್ರೆಡ್, ರೈಟ್ ಫೋರ್ ಟೈಟನ್ಸ್, ಡೋಂಟ್ ಕಟ್.’ ಅಂದರೆ ಎಡಕ್ಕೆ ಮೂರನೇ ನಂಬರಿನ ತಿರುವು, ನೂರು ಮೀಟರ್ ಆದ ಮೇಲೆ ಬಲಕ್ಕೆ ನಾಲ್ಕನೇ ನಂಬರಿನ ತಿರುವು, ಅದು ಹೋಗ್ತಾ ಹೋಗ್ತಾ ಬಿಗಿಯಾಗುತ್ತದೆ, ಒಳಬದಿಯ ಅಂಚು ಹತ್ತಬೇಡ. ಡ್ರೈವರ್ ಈಗಿನ ತಿರುವಿನಲ್ಲಿ ಇರುವಾಗಲೇ ಮುಂದಿನ ಎರಡನ್ನು ಕಿವಿಯಲ್ಲಿ ಇಟ್ಟುಕೊಂಡಿರಬೇಕು. ಕಾರು ಅವನ ಹಿಡಿತದಲ್ಲಿದ್ದರೆ ಇದು ಸಲೀಸು. ಕಾರೇ ಅವನನ್ನು ಎಳೆದುಕೊಂಡು ಹೋಗುತ್ತಿದ್ದರೆ ಕಿವಿ ಮುಚ್ಚಿಹೋಗುತ್ತದೆ. ಆಗ ಇಂಟರ್‌ಕಾಮಿನಲ್ಲಿ ಒಂದು ಮಾತು ಕೇಳುತ್ತದೆ: ‘ಇನ್ನೊಂದ್ಸಲ ಹೇಳಿ ಸಾರ್.’

ಆ ಮಾತು ಬಂತು ಅಂದರೆ, ಟೈಮಿಂಗ್ ಎಷ್ಟೇ ಚೆನ್ನಾಗಿರಲಿ, ಹುಡುಗ ಇನ್ನೂ ತನ್ನದಾಗದ ಕಾರಿನಲ್ಲಿ ಕೂತಿದ್ದಾನೆ ಅಂತಲೇ ಅರ್ಥ. ಇರುವ ಗಮನವೆಲ್ಲ ವೇಗಕ್ಕೇ ಖರ್ಚಾಗುತ್ತಿದೆ. ಬೇರೆ ಯಾವುದಕ್ಕೂ ಮಿಗುತ್ತಿಲ್ಲ. ಹುಡುಗನನ್ನು ಮೇಲಿನ ಕಾರಿಗೆ ಹತ್ತಿಸಬಹುದೇ ಅಂತ ಯಾರಾದರೂ ಕೇಳಿದರೆ ನಾನು ಮೊದಲು ನೋಡುವುದು ಇದನ್ನೇ. ಜೋರಾಗಿ ಓಡಿಸುವಾಗ ಇವನ ಹತ್ತಿರ ಎಷ್ಟು ಗಮನ ಮಿಗುತ್ತದೆ?

ಫಾರ್ಮುಲಾ ಒನ್‌ನಲ್ಲಿ ಪಕ್ಕದ ಸೀಟು ಇಲ್ಲ, ಆದರೆ ಕೆಲಸ ಅದಕ್ಕಿಂತ ಜಾಸ್ತಿ. ಕಿವಿಯಲ್ಲಿ ಎಂಜಿನಿಯರ್ ಮಾತಾಡುತ್ತಿರುತ್ತಾರೆ. ಕೈಯಲ್ಲಿರುವ ಸ್ಟೀರಿಂಗ್ ತುಂಬ ಗುಂಡಿಗಳು. ಬ್ರೇಕ್ ಮುಂದಕ್ಕೆಷ್ಟು ಹಿಂದಕ್ಕೆಷ್ಟು, ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಹೇಗಿರಬೇಕು, ಬ್ಯಾಟರಿ ಎಲ್ಲಿ ಖರ್ಚು ಮಾಡಬೇಕು, ಎಲ್ಲವನ್ನೂ ಓಡಿಸುತ್ತಲೇ ಬದಲಿಸುತ್ತಿರಬೇಕು. 300 ಕಿ.ಮೀ. ವೇಗದಿಂದ ಬ್ರೇಕ್ ಒತ್ತಿದಾಗ ಮೈಮೇಲೆ ತನ್ನ ತೂಕದ ಸುಮಾರು ಐದು ಪಟ್ಟು ಬಲ ಬೀಳುತ್ತದೆ. ಟೈರ್ ತಣ್ಣಗಿದ್ದರೆ ಹಿಡಿತ ಇಲ್ಲ, ಜಾಸ್ತಿ ಕಾದರೆ ಸವೆದುಹೋಗುತ್ತದೆ. ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2, ಅಂದರೆ ಎಫ್2ನಲ್ಲಿ ಗೆದ್ದು ಬಂದ ಹುಡುಗನಿಗೆ ವೇಗ ಹೊಸದಲ್ಲ. ಇಷ್ಟೊಂದು ಕೆಲಸವನ್ನು ಆ ವೇಗದಲ್ಲಿ ಮಾಡುವುದು ಹೊಸದು.

ಈಗ ಫಾರ್ಮುಲಾ ಒನ್ ಚಾಂಪಿಯನ್ ಮ್ಯಾಕ್ಸ್ ವರ್ಸ್ಟಾಪೆನ್ ವಿಷಯ. 2015ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊದಲ ರೇಸಿಗೆ ಕೂತಾಗ ಅವರ ವಯಸ್ಸು 17 ವರ್ಷ 166 ದಿನ. ಅದಕ್ಕೂ ಮೊದಲು ಫಾರ್ಮುಲಾ ಕಾರಿನಲ್ಲಿ ಮಾಡಿದ್ದು ಒಂದೇ ವರ್ಷ, ಎಫ್2ಗಿಂತ ಕೆಳಗಿನ ಮೆಟ್ಟಿಲಾದ ಯುರೋಪಿನ ಎಫ್3. ಎಲ್ಲರೂ ಇಷ್ಟನ್ನೇ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಅವರ ಅಪ್ಪ ಯೋಸ್ ಸ್ವತಃ ಫಾರ್ಮುಲಾ ಒನ್ ಡ್ರೈವರ್. ಮಗ ನಾಲ್ಕು-ಐದು ವರ್ಷದವನಿದ್ದಾಗಲೇ ಕಾರ್ಟ್ ಹತ್ತಿಸಿದವರು. 2013ರಲ್ಲಿ ಗೇರ್ ಇರುವ ಕೆಝಡ್ ಕಾರ್ಟ್‌ನಲ್ಲಿ ಮಗ ವಿಶ್ವ ಚಾಂಪಿಯನ್ ಆದ. ಹಾಗಾಗಿ ವಯಸ್ಸು 17 ಆದರೂ ಅನುಭವಕ್ಕೆ ಹತ್ತು ವರ್ಷ ದಾಟಿತ್ತು. ನಮ್ಮ ಹುಡುಗರಲ್ಲಿ ಹೆಚ್ಚಿನವರು 13ಕ್ಕೋ 14ಕ್ಕೋ ಶುರು ಮಾಡುತ್ತಾರೆ. ವಯಸ್ಸನ್ನು ಹೋಲಿಸಿ ನೋಡುವವರು ಓಡಿಸಿದ ವರ್ಷಗಳನ್ನೂ ಹೋಲಿಸಬೇಕು, ಅಲ್ವಾ?

ಇನ್ನೂ ಒಂದು ವಿಷಯ ಇದೆ. ನನ್ನ ಪ್ರಕಾರ ಅದೇ ದೊಡ್ಡದು. ವರ್ಸ್ಟಾಪೆನ್‌ಗೆ ತಪ್ಪು ಮಾಡಲು ಜಾಗ ಸಿಕ್ಕಿತ್ತು. ಮೊದಲು ರೆಡ್‌ಬುಲ್ ಕಂಪನಿಯದೇ ಆದ ಟೊರೊ ರೊಸೊ ಎಂಬ ಸಣ್ಣ ತಂಡದಲ್ಲಿ 23 ರೇಸು ಓಡಿಸಿದರು. ಆಮೇಲೆ 2016ರಲ್ಲಿ ರೆಡ್‌ಬುಲ್‌ನ ದೊಡ್ಡ ತಂಡಕ್ಕೆ ಬಂದು ಸ್ಪೇನಿನಲ್ಲಿ ಮೊದಲ ರೇಸೇ ಗೆದ್ದರು. ಆದರೆ 2018ರ ಶುರುವಿನಲ್ಲಿ ಒಂದರ ಹಿಂದೆ ಒಂದು ತಪ್ಪು ಮಾಡಿದರು. ಮೊನಾಕೋದಲ್ಲಿ ಅಭ್ಯಾಸದಲ್ಲೇ ಗೋಡೆಗೆ ಹೊಡೆದು, ರೇಸಿನಲ್ಲಿ ಯಾರು ಎಲ್ಲಿಂದ ಶುರು ಮಾಡಬೇಕೆಂದು ತೀರ್ಮಾನಿಸುವ ಕ್ವಾಲಿಫೈಯಿಂಗ್ ತಪ್ಪಿಸಿಕೊಂಡರು. ಆಗ ಅವರಿಗೆ ಮೂರು ವರ್ಷದ ಅನುಭವ ಇತ್ತು. ಸೀಟು ಹೋಗಲಿಲ್ಲ. ಅದೇ ವರ್ಷದ ಕೊನೆಗೆ ಅವರ ಓಟ ಬೇರೆಯೇ ಆಗಿತ್ತು.

ಅದೇ ರೆಡ್‌ಬುಲ್ 2025ರಲ್ಲಿ ಲಿಯಾಮ್ ಲಾಸನ್ ಎಂಬ ಯುವ ಡ್ರೈವರನ್ನು ಮೇಲೆ ಹತ್ತಿಸಿತು. ಕೈಯಲ್ಲಿದ್ದ ಅನುಭವ 11 ರೇಸು, ಅದೂ ಎರಡು ವರ್ಷಗಳಲ್ಲಿ ತುಂಡು ತುಂಡಾಗಿ. ಆಸ್ಟ್ರೇಲಿಯಾದಲ್ಲಿ ಕ್ವಾಲಿಫೈಯಿಂಗ್‌ನಲ್ಲಿ 18ನೇ ಸ್ಥಾನ. ಚೀನಾದಲ್ಲಿ ಎಲ್ಲರಿಗಿಂತ ಹಿಂದೆ. ಎರಡೇ ರೇಸಿಗೆ ಕೆಳಗಿಳಿಸಿದರು. ಕೆಳಗಿನ ತಂಡಕ್ಕೆ ಹೋದ ಮೇಲೆ ಅದೇ ಹುಡುಗ ಸೆಪ್ಟೆಂಬರ್‌ನಲ್ಲಿ ಅಜರ್‌ಬೈಜಾನಿನ ಬಾಕುವಿನಲ್ಲಿ 5ನೇ ಸ್ಥಾನಕ್ಕೆ ಬಂದರು. ಆರು ತಿಂಗಳಲ್ಲಿ ಪ್ರತಿಭೆ ಹೊಸದಾಗಿ ಹುಟ್ಟುವುದಿಲ್ಲ. ತಲೆಯ ಮೇಲಿದ್ದ ಕತ್ತಿ ಹೋಯಿತು, ಗಮನ ವಾಪಸ್ ಬಂತು.

ಕಲಿಸುವವರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಕಾರು ಮಾತ್ರ ಗಮನ ತಿನ್ನುವುದಿಲ್ಲ. ಭಯವೂ ತಿನ್ನುತ್ತದೆ. ಇವತ್ತು ಸರಿಯಾಗಿ ಓಡಿಸದಿದ್ದರೆ ಮುಂದಿನ ವಾರ ಸೀಟು ಇಲ್ಲ ಅಂತ ಗೊತ್ತಿರುವ ಹುಡುಗ ಪ್ರತಿ ತಿರುವಿನಲ್ಲೂ ಎರಡೆರಡು ಲೆಕ್ಕ ಹಾಕುತ್ತಿರುತ್ತಾನೆ. ಮೊದಲೇ ಸಾಲದ ಗಮನದಲ್ಲಿ ಅರ್ಧ ಅದಕ್ಕೇ ಹೋಗುತ್ತದೆ. ಬೇಗ ಹತ್ತಿಸುವುದು ಒಂದು ತಪ್ಪಾದರೆ, ಹತ್ತಿಸಿ ಗಡುವು ಕೊಡುವುದು ಅದಕ್ಕಿಂತ ದೊಡ್ಡ ತಪ್ಪು.

ಎಲ್ಲವನ್ನೂ ‘ಬೇಗ ಹತ್ತಿಸಿದ್ದಕ್ಕೆ ಹೀಗಾಯಿತು’ ಎಂದು ಹೇಳುವುದೂ ಸರಿಯಲ್ಲ. ಲಾಸನ್ ಜಾಗಕ್ಕೆ ಬಂದ ಯೂಕಿ ಸುನೋಡಾ ನಾಲ್ಕು ವರ್ಷ ಪೂರ್ತಿ ಓಡಿಸಿದ್ದವರು. ಅವರೂ ಆ ಕಾರಿನಲ್ಲಿ ಒದ್ದಾಡಿದರು, ಮುಂದಿನ ವರ್ಷಕ್ಕೆ ಅವರ ಸೀಟೂ ಹೋಯಿತು. ಮುಂದಿನ ಚಕ್ರ ತುಂಬಾ ಚುರುಕು, ಹಿಂದಿನದು ಜಾರುವ ಕಾರು ಅದು. ವರ್ಸ್ಟಾಪೆನ್‌ಗೆ ಅದು ಹೊಂದುತ್ತಿತ್ತು, ಬೇರೆಯವರಿಗೆ ಕಷ್ಟವಾಗಿತ್ತು. ಹುಡುಗನನ್ನು ಅಳೆಯುವಾಗ ಅವನು ಕೂತಿರುವ ಕಾರನ್ನೂ ಅಳೆಯಬೇಕು.

ಹಿಂದೆ ಇಷ್ಟು ಅವಸರ ಇರಲಿಲ್ಲವೇ? ಇತ್ತು. ಕಿಮಿ ರೈಕೊನೆನ್ 2001ರಲ್ಲಿ ಫಾರ್ಮುಲಾ ಒನ್‌ಗೆ ಬರುವ ಮೊದಲು ಓಡಿಸಿದ್ದು 23 ಕಾರ್ ರೇಸು ಮಾತ್ರ. ಆದರೆ ಆಗ ಬೇಕಾದಷ್ಟು ಟೆಸ್ಟಿಂಗ್, ಅಂದರೆ ರೇಸಿಲ್ಲದ ದಿನ ಟ್ರ್ಯಾಕಿನಲ್ಲಿ ಕಾರು ಓಡಿಸಿ ನೋಡುವ ಅವಕಾಶ, ಇತ್ತು. ಫರ್ನಾಂಡೊ ಅಲೋನ್ಸೊ 2001ರಲ್ಲಿ ಮಿನಾರ್ಡಿ ತಂಡಕ್ಕೆ ಓಡಿಸಿ, 2002 ಪೂರ್ತಿ ರೆನೋ ತಂಡದ ಟೆಸ್ಟ್ ಡ್ರೈವರ್ ಆಗಿ ರೇಸಿನಿಂದ ಹೊರಗಿದ್ದರು. ಆ ವರ್ಷ ಹಾಳಾಯಿತೇ? 2005, 2006ರಲ್ಲಿ ಅದೇ ತಂಡದಲ್ಲಿ ಚಾಂಪಿಯನ್ ಆದರು. ಖರ್ಚು ತಗ್ಗಿಸಬೇಕೆಂದು 2009ರಿಂದ ಸೀಸನ್ ನಡುವಿನ ಟೆಸ್ಟಿಂಗ್ ನಿಲ್ಲಿಸಿದರು. 2025ರಲ್ಲಿ ಸೀಸನ್‌ಗೆ ಮೊದಲು ಇದ್ದದ್ದು ಮೂರೇ ದಿನ, ಅದರಲ್ಲೂ ಒಬ್ಬ ಡ್ರೈವರ್‌ಗೆ ಒಂದೂವರೆ ದಿನ. ಹೊಸಬರು ಈಗ ಕಲಿಯುವುದೇ ರೇಸಿನಲ್ಲಿ. ಇಡೀ ಜಗತ್ತು ನೋಡುತ್ತಿರುವಾಗ.

ನಮ್ಮ ದೇಶದ ಡ್ರೈವರ್ ಕರುಣ್ ಚಂದೋಕ್ ಇದನ್ನು ಬೇರೆ ಯಾರಿಗಿಂತಲೂ ಕಷ್ಟಪಟ್ಟು ಅನುಭವಿಸಿದವರು. 2010ರ ಬಹರೇನ್ ರೇಸ್. ಹಿಸ್ಪಾನಿಯಾ ತಂಡದ ಅವರ ಕಾರು ಅಭ್ಯಾಸದ ಹೊತ್ತಿಗೆ ತಯಾರೇ ಆಗಿರಲಿಲ್ಲ. ಆ ಕಾರನ್ನು ಅವರು ಮೊದಲ ಸಲ ಓಡಿಸಿದ್ದು ಕ್ವಾಲಿಫೈಯಿಂಗ್‌ನಲ್ಲಿ. ಮಾರನೇ ದಿನ ರೇಸಿನ ಶುರುವಿನಲ್ಲೇ ಹೊರಬಿದ್ದರು. ಅವತ್ತು ಟಿವಿ ಮುಂದೆ ಕೂತು ‘ನಮ್ಮವರಿಗೆ ಇದು ಆಗುವುದಲ್ಲ’ ಅಂದವರನ್ನು ನಾನು ನೋಡಿದ್ದೇನೆ. ಗುರುತೇ ಇಲ್ಲದ ಕಾರಿನಲ್ಲಿ ಯಾರಿಗೆ ಆಗುತ್ತದೆ?

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ಹೇಳದೆ ಬೇರೆಯವರ ತಪ್ಪು ಎಣಿಸುವುದು ಸರಿಯಲ್ಲ.

ಕೆಲವು ವರ್ಷಗಳ ಹಿಂದೆ ಸಕಲೇಶಪುರದ ಕಡೆಯ ಹುಡುಗನೊಬ್ಬ ನನ್ನ ಹತ್ತಿರ ಕಲಿಯುತ್ತಿದ್ದ. 19 ವರ್ಷ. ಬಯಲಿನ ಮಣ್ಣಿನ ಟ್ರ್ಯಾಕಿನಲ್ಲಿ ನಡೆಯುವ ಆಟೋಕ್ರಾಸ್‌ನಲ್ಲಿ ಹಳೇ ಜಿಪ್ಸಿ ಜೀಪು ಓಡಿಸಿ ದೊಡ್ಡ ದೊಡ್ಡವರ ಟೈಮ್ ಮುರಿಯುತ್ತಿದ್ದ. ಒಂದು ತಂಡದವರು ತಮ್ಮ ಜೋರಾದ ಕಾರಿನಲ್ಲಿ ಸೀಟು ಕೊಡುತ್ತೇವೆ ಎಂದರು. ಹುಡುಗ ತಯಾರಿದ್ದಾನಾ ಅಂತ ನನ್ನನ್ನು ಕೇಳಿದರು. ಅಭ್ಯಾಸದ ದಿನ ನಾನೇ ಪಕ್ಕದಲ್ಲಿ ಕೂತೆ. ಮೂರು ಸಲ ‘ಇನ್ನೊಂದ್ಸಲ ಹೇಳಿ ಸಾರ್’ ಎಂದ. ಮೂರನ್ನೂ ಕೇಳಿಸಿಕೊಂಡೆ. ಹೊಸ ಕಾರು, ಸ್ವಲ್ಪ ಹೆದರಿಕೆ, ಎರಡು ದಿನದಲ್ಲಿ ಸರಿಹೋಗುತ್ತದೆ ಅಂದುಕೊಂಡೆ. ನನ್ನ ಹುಡುಗ ದೊಡ್ಡ ಕಾರು ಹತ್ತುತ್ತಾನೆ ಅನ್ನುವ ಆಸೆ ನನಗೂ ಇತ್ತು. ತಯಾರಿದ್ದಾನೆ ಎಂದೆ.

ರ‍್ಯಾಲಿಯ ಎರಡನೇ ಸ್ಟೇಜ್. ಹಿಂದಿನ ರಾತ್ರಿ ಮಳೆ ಬಿದ್ದು ಕೆಂಪು ಮಣ್ಣು ಸಾಬೂನಿನ ಹಾಗೆ ಆಗಿತ್ತು. ಒಂದು ಬಲ ತಿರುವಿನಲ್ಲಿ ‘ಡೋಂಟ್ ಕಟ್’ ಅಂದೆ. ಅವನ ಕಿವಿಗೆ ಬೀಳಲಿಲ್ಲ. ಒಳಬದಿಯ ಚರಂಡಿಗೆ ಚಕ್ರ ಇಳಿಯಿತು, ಕಾರು ಎರಡು ಪಲ್ಟಿ ಹೊಡೆದು ಸಿಲ್ವರ್ ಓಕ್ ಮರಕ್ಕೆ ತಗುಲಿ ನಿಂತಿತು. ಕಾರಿನೊಳಗಿನ ಉಕ್ಕಿನ ಪಂಜರ, ರೋಲ್ ಕೇಜ್, ಇಬ್ಬರನ್ನೂ ಉಳಿಸಿತು. ತಲೆಕೆಳಗಾಗಿ ನೇತಾಡುತ್ತಲೇ ಆ ಹುಡುಗ ಮೊದಲು ಕೇಳಿದ್ದು, ‘ಸಾರ್, ನಿಮಗೇನೂ ಆಗಿಲ್ಲ ತಾನೆ?’

ಮುಂದಿನ ರ‍್ಯಾಲಿಗೆ ಆ ತಂಡ ಬೇರೆಯವನನ್ನು ಕೂರಿಸಿತು. ನಾನು ಅವನ ಪರವಾಗಿ ಒಂದು ಮಾತೂ ಆಡಲಿಲ್ಲ. ಎಂಟು ತಿಂಗಳು ಅವನು ನನ್ನ ಗ್ಯಾರೇಜ್ ಕಡೆ ಬರಲಿಲ್ಲ. ಬಂದಾಗ ಕೈ ಹಾಗೇ ಇತ್ತು, ಆದರೆ ಕಾಲು ಪ್ರತಿ ತಿರುವಿಗೂ ಬೇಗ ಬ್ರೇಕ್ ಮೇಲೆ ಹೋಗುತ್ತಿತ್ತು. ಸ್ವಲ್ಪ ದಿನಕ್ಕೆ ಬಿಟ್ಟುಬಿಟ್ಟ. ಈಗ ತೋಟ ನೋಡಿಕೊಳ್ಳುತ್ತಾನೆ, ಚೆನ್ನಾಗಿದ್ದಾನೆ. ಸಿಕ್ಕಾಗ ನಗುತ್ತಾ ಮಾತಾಡಿಸುತ್ತಾನೆ. ಅವನು ಇವತ್ತೂ ಓಡಿಸುತ್ತಿರಬೇಕಿತ್ತು.

ಸ್ಪೇನಿನ ಹೈಮೆ ಅಲ್ಗೆರ್ಸುವಾರಿ ಕಥೆ ಓದಿದಾಗಲೆಲ್ಲ ನನಗೆ ಈ ಹುಡುಗ ನೆನಪಾಗುತ್ತಾನೆ. ಟೆಸ್ಟಿಂಗ್ ನಿಂತ 2009ರಲ್ಲೇ, ಸೀಸನ್ ಮಧ್ಯದಲ್ಲಿ, 19ನೇ ವಯಸ್ಸಿಗೆ ಅವರನ್ನು ಫಾರ್ಮುಲಾ ಒನ್ ಕಾರಿನಲ್ಲಿ ಕೂರಿಸಿದರು. 21ಕ್ಕೆ ಸೀಟು ಹೋಯಿತು. 25ಕ್ಕೆ ರೇಸಿಂಗನ್ನೇ ಬಿಟ್ಟರು.

ಸರಿಯಾಗಿ ನಡೆದದ್ದೂ ಇದೆ. ಇಟಲಿಯ ಕಿಮಿ ಆಂಟೊನೆಲ್ಲಿ 18ನೇ ವಯಸ್ಸಿಗೆ, ಎಫ್3 ಮೆಟ್ಟಿಲನ್ನೇ ಹಾರಿ ಬಂದು, ಮರ್ಸಿಡೀಸ್‌ನಂಥ ದೊಡ್ಡ ತಂಡ ಸೇರಿದರು. ಇದನ್ನು ನೋಡಿ ‘ನೋಡಿ, ಆಗುತ್ತಲ್ಲ’ ಅನ್ನಬಹುದು. ಆದರೆ ಮರ್ಸಿಡೀಸ್ ಅದಕ್ಕೂ ಮೊದಲು ಹಳೇ ಕಾರುಗಳಲ್ಲಿ ಅವರನ್ನು ದಿನಗಟ್ಟಲೆ ಓಡಿಸಿತ್ತು. 2024ರಲ್ಲಿ ಇಟಲಿಯ ಮಾಂಝಾ ಟ್ರ್ಯಾಕಿನ ಮೊದಲ ಅಭ್ಯಾಸದಲ್ಲಿ ಸುಮಾರು ಹತ್ತು ನಿಮಿಷಕ್ಕೆ ಗೋಡೆಗೆ ಹೊಡೆದರು. ಆದರೂ ಮಾರನೇ ದಿನವೇ ತಂಡ ಅವರಿಗೆ 2025ರ ಸೀಟು ಕೊಟ್ಟಿತು. ಮೊದಲ ರೇಸಿನಲ್ಲಿ 4ನೇ ಸ್ಥಾನ, ಕೆನಡಾದಲ್ಲಿ 3ನೇ ಸ್ಥಾನ. ಆಮೇಲೆ ಮಾಂಝಾವರೆಗಿನ ಆರು ಯುರೋಪಿಯನ್ ರೇಸುಗಳಲ್ಲಿ ಸಿಕ್ಕಿದ್ದು ಬರೀ 3 ಅಂಕ. ಅವರನ್ನು ಯಾರೂ ಇಳಿಸಲಿಲ್ಲ. ಬ್ರೆಜಿಲ್‌ನಲ್ಲಿ 2ನೇ ಸ್ಥಾನಕ್ಕೆ ಬಂದರು. ಅದೇ 2025ರಲ್ಲಿ ಹೊಸಬರಾಗಿ ಬಂದ ಇಸಾಕ್ ಹಜಾರ್ ಅಂತೂ ಮೊದಲ ರೇಸು ಶುರುವಾಗುವ ಮೊದಲೇ, ಮಳೆಯಲ್ಲಿ, ರೇಸಿಗೆ ಮುಂಚೆ ಎಲ್ಲರೂ ನಿಧಾನವಾಗಿ ಒಂದು ಸುತ್ತು ಹಾಕುವ ಫಾರ್ಮೇಶನ್ ಲ್ಯಾಪ್‌ನಲ್ಲೇ ಜಾರಿ ಗೋಡೆಗೆ ಹೊಡೆದರು. ಹೆಲ್ಮೆಟ್ ಒಳಗೇ ಅಳುತ್ತಾ ನಡೆದು ಬರುತ್ತಿದ್ದ ಅವರನ್ನು ಲೂಯಿಸ್ ಹ್ಯಾಮಿಲ್ಟನ್ ಅವರ ತಂದೆ ಆಂಥೊನಿ ಹೆಗಲ ಮೇಲೆ ಕೈಹಾಕಿ ಕರೆತಂದರು. ಆಗಸ್ಟ್‌ನಲ್ಲಿ ಹಾಲೆಂಡಿನಲ್ಲಿ ಹಜಾರ್ 3ನೇ ಸ್ಥಾನ ಪಡೆದರು. ಆ ಹೆಗಲ ಮೇಲಿನ ಕೈ ನೋಡಿದಾಗ ನನಗೆ ನಮ್ಮ ಸಿಲ್ವರ್ ಓಕ್ ಮರ ನೆನಪಾಯಿತು. ನಾನು ಆವತ್ತು ಕಾರಿನ ಸುತ್ತ ಓಡಾಡುತ್ತಿದ್ದೆ, ಹುಡುಗ ಒಬ್ಬನೇ ಕೂತಿದ್ದ.

ನಿಯಮ ಇದೆಯಲ್ಲ ಅಂತ ಕೇಳಬಹುದು. ಇದೆ. ವರ್ಸ್ಟಾಪೆನ್ ಬಂದ ಮೇಲೆ, 2016ರಿಂದ ಫಾರ್ಮುಲಾ ಒನ್ ಓಡಿಸಲು ಬೇಕಾದ ಸೂಪರ್ ಲೈಸೆನ್ಸ್‌ಗೆ 18 ವರ್ಷ ಆಗಿರಬೇಕು, ರಸ್ತೆ ಲೈಸೆನ್ಸ್ ಇರಬೇಕು, ಕೆಳಗಿನ ರೇಸುಗಳಲ್ಲಿ 40 ಅಂಕ ಗಳಿಸಿರಬೇಕು. 2024ರಲ್ಲಿ ವಯಸ್ಸಿಗೆ ಸ್ವಲ್ಪ ಸಡಿಲ ಕೊಟ್ಟು, ವಿಶೇಷ ಸಂದರ್ಭದಲ್ಲಿ 17ಕ್ಕೂ ಕೊಡಬಹುದು ಎಂದರು. ಎಫ್2ನಲ್ಲಿ ಮೊದಲ ಮೂರರೊಳಗೆ ಬಂದರೆ ಒಂದೇ ಸಲಕ್ಕೆ 40 ಅಂಕ. ಒಳ್ಳೆಯ ನಿಯಮವೇ. ಆದರೆ ಅದು ಫಲಿತಾಂಶ ಎಣಿಸುತ್ತದೆ. ಗಮನ ಎಷ್ಟು ಮಿಕ್ಕಿದೆ ಅಂತ ಎಣಿಸಲು ಪಕ್ಕದಲ್ಲಿ ಒಬ್ಬರು ಕೂರಬೇಕು.

ಮೂಡಿಗೆರೆಯ ಆ ಅಪ್ಪನ ಅವಸರ ನನಗೆ ಅರ್ಥವಾಗುತ್ತದೆ. ಒಂದೊಂದು ವರ್ಷಕ್ಕೂ ಸುರಿಯಬೇಕಾದ ದುಡ್ಡು ಸಣ್ಣದಲ್ಲ. ಒಂದು ಮೆಟ್ಟಿಲು ಹಾರಿದರೆ ಒಂದು ವರ್ಷದ ದುಡ್ಡು ಉಳಿಯುತ್ತದೆ ಅನ್ನುವ ಲೆಕ್ಕ. ಆದರೆ ತಪ್ಪು ಮಾಡಿ ಕಲಿಯುವುದು ಇಲ್ಲಿ ಅಗ್ಗ, ಅಲ್ಲಿ ದುಬಾರಿ. 2023ರಿಂದ ನಮ್ಮಲ್ಲೇ ಫಾರ್ಮುಲಾ ಕಾರಿನ ಮೊದಲ ಮೆಟ್ಟಿಲಾದ ಇಂಡಿಯನ್ ಎಫ್4 ಇದೆ. ಕೊಯಮತ್ತೂರು, ಚೆನ್ನೈ ಟ್ರ್ಯಾಕುಗಳು ಒಂದು ರಾತ್ರಿ ಪ್ರಯಾಣದ ದೂರದಲ್ಲಿವೆ. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೋದಲ್ಲಿ ಎಫ್2ನ ಸ್ಪ್ರಿಂಟ್ ಎಂಬ ಕಿರು ರೇಸ್ ಗೆದ್ದಾಗ ಅವರಿಗೆ 24 ವರ್ಷ, ಎಫ್2ನಲ್ಲಿ ಅದು ಮೂರನೇ ವರ್ಷ. ಆ ವರ್ಷಗಳು ಹಾಳಾದವಲ್ಲ.

ಅಪ್ಪ ಮಾತಾಡುವಷ್ಟು ಹೊತ್ತೂ ಹುಡುಗ ಸುಮ್ನೆ ಕೂತಿದ್ದ. ಹೊರಡುವಾಗ ಅವನೇ ಕೇಳಿದ, ‘ಸಾರ್, ನಾನು ಓಡಿಸಿದ್ರೆ ಪಕ್ಕದಲ್ಲಿ ನೀವೇ ಕೂರ‍್ತೀರಾ?’ ಕೂರುತ್ತೇನೆ ಎಂದೆ. ಭಾನುವಾರ ಬೆಳಿಗ್ಗೆ 6ಕ್ಕೆ ಬರಲು ಹೇಳಿದ್ದೇನೆ. ಪರಿಚಯದವರ ತೋಟದಲ್ಲಿ ಒಂದು ಬಯಲಿದೆ, ಅದೇ ಹಳೇ ಜಿಪ್ಸಿ ಇದೆ. ನೋಟ್ಸ್ ಓದುತ್ತೇನೆ. ಎಷ್ಟು ಸಲ ‘ಇನ್ನೊಂದ್ಸಲ ಹೇಳಿ’ ಅನ್ನುತ್ತಾನೋ, ಈ ಸಲ ಬರೆದಿಟ್ಟುಕೊಳ್ಳುತ್ತೇನೆ.