ಎರಡು ಲ್ಯಾಬ್, ಎರಡು ಅಂಕಿ: ಬೂದಿಮಣ್ಣಿನಲ್ಲಿ ರಂಜಕ ನಿಜಕ್ಕೂ ಎಷ್ಟಿದೆ?

ಪ್ರಶ್ನೆ: ನಮ್ಮದು ಜ್ವಾಲಾಮುಖಿ ಬೂದಿಯಿಂದಾದ ಮಣ್ಣು. ಒಂದೇ ಚೀಲದ ಮಣ್ಣನ್ನು ಎರಡು ಲ್ಯಾಬ್‌ಗಳಿಗೆ ಕೊಟ್ಟೆವು. ಲಭ್ಯ ರಂಜಕ ಒಂದರಲ್ಲಿ ಬಂದದ್ದರ ಮೂರು ಪಟ್ಟು ಇನ್ನೊಂದರಲ್ಲಿ ಬಂದಿದೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಬಹುದು. ವರದಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಓಲ್ಸೆನ್’, ‘ಬ್ರೇ’, ‘ಮೆಹ್ಲಿಕ್-3’ ಎಂದು ಅಳೆದ ವಿಧಾನದ ಹೆಸರೊಂದು ಇರುತ್ತದಲ್ಲ, ಮೊದಲು ಅದನ್ನು ಓದಿ. ಇದನ್ನು ಎಷ್ಟು ಸಲ ಬರೆದರೂ ನನಗೆ ಬರುವ ಪತ್ರದಲ್ಲಿ ಅಂಕಿ ಇರುತ್ತದೆ, ವಿಧಾನದ ಹೆಸರು ಇರುವುದಿಲ್ಲ.

ಇದರ ಬೇರಿನಲ್ಲಿರುವುದು ಒಂದು ಹಟಮಾರಿ ನಂಬಿಕೆ: ಮಣ್ಣಿನೊಳಗೆ ‘ಲಭ್ಯ ರಂಜಕ’ ಎಂಬ ಪ್ರತ್ಯೇಕ ದಾಸ್ತಾನಿದೆ, ಲ್ಯಾಬ್‌ನವರು ಅದನ್ನು ಹೊರತೆಗೆದು ಅಳೆಯುತ್ತಾರೆ ಎಂಬುದು. ಅಂಥ ದಾಸ್ತಾನು ಇಲ್ಲವೇ ಇಲ್ಲ. ಯಾವುದೇ ಗಳಿಗೆಯಲ್ಲಿ ಮಣ್ಣಿನ ನೀರಿನಲ್ಲಿ ಕರಗಿರುವ ರಂಜಕ ತೀರಾ ಅಲ್ಪ, ಲೀಟರಿಗೆ 0.2 ಮಿಲಿಗ್ರಾಂ ಇದ್ದರೆ ಎಷ್ಟೋ ಬೆಳೆಗಳಿಗೆ ಸಾಕು. ಬೇರು ಹೀರಿದಂತೆಲ್ಲ ಮಣ್ಣಿನ ಕಣಗಳು ಒಂದಿಷ್ಟು ಬಿಟ್ಟುಕೊಡುತ್ತಾ ಹೋಗುತ್ತವೆ. ಲ್ಯಾಬ್ ಮಾಡುವುದು ಇಷ್ಟೇ: ಒಂದು ದ್ರಾವಣ ಸುರಿದು, ಗೊತ್ತಾದ ಹೊತ್ತು ಅಲುಗಿಸಿ, ಎಷ್ಟು ಬಿಟ್ಟುಬಂತು ಎಂದು ನೋಡುವುದು. ದ್ರಾವಣ ಬದಲಾದರೆ ಅಂಕಿ ಬದಲಾಗುತ್ತದೆ.

ದ್ರಾವಣ ಬದಲಾಗದಿದ್ದರೂ ಬದಲಾಗುತ್ತದೆ! ಓಲ್ಸೆನ್ (1954) ಮತ್ತು ಕೋಲ್ವೆಲ್ (1963) ವಿಧಾನಗಳೆರಡರಲ್ಲೂ ಬಳಸುವುದು ಪಿಎಚ್ 8.5ರ ಸೋಡಿಯಂ ಬೈಕಾರ್ಬೊನೇಟನ್ನೇ. ಓಲ್ಸೆನ್‌ನಲ್ಲಿ ಒಂದು ಪಾಲು ಮಣ್ಣಿಗೆ 20 ಪಾಲು ದ್ರಾವಣ, ಅರ್ಧ ಗಂಟೆ. ಕೋಲ್ವೆಲ್‌ನಲ್ಲಿ 100 ಪಾಲು, 16 ಗಂಟೆ. ಹೀಗಾಗಿ ಕೋಲ್ವೆಲ್ ಅಂಕಿ ದೊಡ್ಡದು. ರಾತ್ರಿಯೆಲ್ಲ ಅಲುಗಿಸಿದ ಮಾತ್ರಕ್ಕೆ ನಿಮ್ಮ ಹೊಲಕ್ಕೆ ರಂಜಕ ಹೆಚ್ಚಿ ಬಂತೆ?

ಬೂದಿಮಣ್ಣಿನಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಅಲೋಫೇನ್ ಎಂಬ ಖನಿಜ ಅದರಲ್ಲಿ ಹೇರಳ. ಅದರ ಮೈಮೇಲಿರುವ ಅಲ್ಯುಮಿನಿಯಂ, ಫಾಸ್ಫೇಟನ್ನು (ಮಣ್ಣಿನಲ್ಲಿ ರಂಜಕ ಇರುವ ರೂಪ) ಬಿಗಿಯಾಗಿ ಹಿಡಿಯುತ್ತದೆ. ಫಾಸ್ಫೇಟ್ ಹಿಡಿತ, ಅಂದರೆ ಹಾಕಿದ ಫಾಸ್ಫೇಟಿನಲ್ಲಿ ಮಣ್ಣು ಹಿಡಿದಿಡುವ ಪಾಲು, ಶೇಕಡಾ 85 ದಾಟುವುದು ಇಂಥ ಮಣ್ಣಿನ ಒಂದು ಗುರುತು. ಬ್ರೇ ದ್ರಾವಣದಲ್ಲಿ ಫ್ಲೋರೈಡ್ ಮತ್ತು ಸ್ವಲ್ಪ ಆಮ್ಲ ಇರುತ್ತವೆ. ಅಲೋಫೇನ್ ಆ ಫ್ಲೋರೈಡನ್ನು ಕಬಳಿಸಿ ಕ್ಷಾರಗುಣದ ಹೈಡ್ರಾಕ್ಸೈಡ್ ಬಿಡುತ್ತದೆ, ದ್ರಾವಣದ ಗುಣವೇ ಕೆಡುತ್ತದೆ. ಇದೇ ಗುಣವನ್ನು ಹೊಲದಲ್ಲಿ ಮಣ್ಣು ಗುರುತಿಸಲು ಬಳಸುತ್ತಾರೆ: ಸೋಡಿಯಂ ಫ್ಲೋರೈಡ್ ಹಾಕಿದಾಗ ಪಿಎಚ್ 9.4 ದಾಟಿದರೆ ಅಲೋಫೇನ್ ಇರುವ ಸಾಧ್ಯತೆ ಹೆಚ್ಚು (ಸುಣ್ಣದ ಮಣ್ಣೂ ಹೀಗೆ ಮೋಸ ಮಾಡಬಲ್ಲದು). ಅಂದಹಾಗೆ, ಬಸಾಲ್ಟ್ ಶಿಲೆ ಸವೆದು ಆದ ಕಪ್ಪು ಎರೆಮಣ್ಣು ಸಾಮಾನ್ಯವಾಗಿ ಈ ಜಾತಿಯದಲ್ಲ. ಮೂಲ ಜ್ವಾಲಾಮುಖಿಯೇ ಆದರೂ ಗುಣ ಬೇರೆ.

ಹಾಗಾದರೆ ಅಂಕಿಗೆ ಬೆಲೆ ಎಲ್ಲಿಂದ? ಅದೇ ಬಗೆಯ ಮಣ್ಣಿನಲ್ಲಿ, ಅದೇ ವಿಧಾನದ ಅಂಕಿಯನ್ನು ಇಳುವರಿಯ ಜೊತೆ ಹೋಲಿಸಿ ನೋಡಿದ ಹೊಲದ ಪ್ರಯೋಗಗಳಿಂದ. ನ್ಯೂಜಿಲೆಂಡಿನಲ್ಲಿ ಹುಲ್ಲುಗಾವಲಿಗೆ ಬೂದಿಮಣ್ಣಾದರೆ ಓಲ್ಸೆನ್ 20–30 ಗುರಿ, ಪ್ಯೂಮಿಸ್ (ತೂತುತೂತಾದ ಹಗುರ ಜ್ವಾಲಾಮುಖಿ ಕಲ್ಲು) ಮಣ್ಣಾದರೆ 35–45. ಅಂದರೆ 28 ಎಂಬ ಅಂಕಿ ಒಂದು ಕಡೆ ಸಾಕು, ಇನ್ನೊಂದು ಕಡೆ ಸಾಲದು. ನಿಮ್ಮ ಮಣ್ಣಿಗೆ ಇಂಥ ಹೋಲಿಕೆ ಇರುವ ವಿಧಾನ ಯಾವುದೋ ಅದನ್ನು ಆರಿಸಿ, ಜೊತೆಗೆ ಫಾಸ್ಫೇಟ್ ಹಿಡಿತವನ್ನೂ ಅಳೆಸಿ. ವರ್ಷಕ್ಕೊಂದು ಲ್ಯಾಬ್ ಬದಲಿಸಬೇಡಿ.

ಕೇಳಲಿಲ್ಲ ನೀವು, ಆದರೂ ಹೇಳುತ್ತೇನೆ. ಕಿಲೋ ಮಣ್ಣಿಗೆ ಇಷ್ಟು ಮಿಲಿಗ್ರಾಂ ಎಂಬ ಅಂಕಿಯನ್ನು ಹೆಕ್ಟೇರಿಗೆ ಇಷ್ಟು ಕಿಲೋ ಎಂದು ಮಾಡಲು ಕಣ್ಣುಮುಚ್ಚಿ 2.24ರಿಂದ ಗುಣಿಸುತ್ತಾರಲ್ಲ, ಅದು ಘನ ಸೆಂಟಿಮೀಟರಿಗೆ ಸುಮಾರು 1.5 ಗ್ರಾಂ ತೂಗುವ ಮಣ್ಣಿನ ಲೆಕ್ಕ, 15 ಸೆಂ.ಮೀ. ಆಳಕ್ಕೆ. ಬೂದಿಮಣ್ಣು ಹಗುರ, 0.9 ಅಥವಾ ಅದಕ್ಕೂ ಕಡಿಮೆ. 0.7 ಇದ್ದರೆ ಗುಣಿಸಬೇಕಾದದ್ದು 1.05ರಿಂದ. ಇನ್ನು ವರದಿಯಲ್ಲಿ ಕಿಲೋ ಮಣ್ಣಿಗೆ ಬದಲು ಲೀಟರ್ ಮಣ್ಣಿಗೆ ಎಂದಿದ್ದರೆ, ಮಣ್ಣನ್ನು ಅಳತೆ ಚಮಚದಲ್ಲಿ ತೆಗೆದುಕೊಂಡಿದ್ದಾರೆ ಎಂದರ್ಥ. ಆಗ ಸಾಂದ್ರತೆಯನ್ನು ಮತ್ತೆ ಲೆಕ್ಕಕ್ಕೆ ಸೇರಿಸಬೇಡಿ, 15 ಸೆಂ.ಮೀ. ಆಳಕ್ಕೆ 1.5ರಿಂದ ಗುಣಿಸಿದರೆ ಆಯಿತು.