ಎರಡು ತಿಂಗಳ ಷ್ಪಾರ್ಗೆಲ್, ಅದನ್ನು ಕೊಯ್ಯುವ ಕೈಗಳು

ಏಪ್ರಿಲ್ ಮಧ್ಯಕ್ಕೆ ಜರ್ಮನಿಯ ರಸ್ತೆ ಬದಿಗಳಲ್ಲಿ ಸಣ್ಣ ಗೂಡಂಗಡಿಗಳು ಏಳುತ್ತವೆ. ಅಲ್ಲಿ ಮುಖ್ಯವಾಗಿ ಸಿಗುವುದು ಬಿಳಿ ಆಸ್ಪ್ಯಾರಗಸ್ ಅನ್ನುವ ತರಕಾರಿ, ಅವರ ಮಾತಿನಲ್ಲಿ ಷ್ಪಾರ್ಗೆಲ್. ಹೋಟೆಲಿನವರು ಅದಕ್ಕೆಂದೇ ಬೇರೆ ಮೆನು ಕಾರ್ಡ್ ಇಡುತ್ತಾರೆ. ಊರೂರಲ್ಲಿ ಜಾತ್ರೆ, ಜೊತೆಗೆ ಕಿರೀಟ ತೊಟ್ಟ 'ಷ್ಪಾರ್ಗೆಲ್ ರಾಣಿ'. ಇಷ್ಟೆಲ್ಲ ಸಡಗರ ಜೂನ್ 24ಕ್ಕೆ, ಸಂತ ಯೋಹಾನರ ದಿನಕ್ಕೆ, ಮುಗಿದುಹೋಗುತ್ತದೆ. 'ಚೆರ್ರಿ ಕೆಂಪಾಯ್ತು, ಷ್ಪಾರ್ಗೆಲ್ ಸತ್ತಿತು' ಅನ್ನುವುದು ಅಲ್ಲಿನ ರೈತರ ಗಾದೆ.

ಈ ಗಡುವು ಸುಮ್ನೆ ಬಂದದ್ದಲ್ಲ. ನಾವು ತಿನ್ನುವುದು ಗಿಡದ ಎಳೆ ಮೊಳಕೆ. ಬಂದದ್ದನ್ನೆಲ್ಲ ಕೊಯ್ಯುತ್ತಲೇ ಇದ್ದರೆ ಬೇರು ಸೊರಗುತ್ತದೆ. ಅದಕ್ಕೇ ಜೂನ್ ಕೊನೆಗೆ ಕೈಬಿಟ್ಟು, ಗಿಡ ಎದ್ದು ಬೆಳೆಯಲು ಬಿಡುತ್ತಾರೆ. ಮುಂದಿನ ವರ್ಷದ ಬೆಳೆಗೆ ಬೇಕಾದ ಶಕ್ತಿ ಬೇರಿಗೆ ಇಳಿಯುವುದು ಆಗಲೇ. ನಮ್ಮ ಶತಾವರಿ ಇದೇ ಕುಲದ್ದು. ಅದಕ್ಕೆ ನಾವಿಟ್ಟ ಹೆಸರು 'ಹಲವು ಮಕ್ಕಳ ತಾಯಿ ಬೇರು'. ನಮಗೆ ಬೇಕಾದದ್ದು ಬೇರು, ಅವರಿಗೆ ಮೊಳಕೆ, ಅಷ್ಟೇ ವ್ಯತ್ಯಾಸ.

ಶುರುವಿನಲ್ಲಿ ಇದು ಅರಮನೆಯ ಊಟ. ಶ್ವೆಟ್ಜಿಂಗನ್ ಅನ್ನುವ ಊರಿನಲ್ಲಿ ಅರಮನೆ ತೋಟದ ಷ್ಪಾರ್ಗೆಲ್ ಕಥೆ 1668ರಷ್ಟು ಹಿಂದಕ್ಕೆ ಹೋಗುತ್ತದೆ. ಆ ಊರು ಇವತ್ತಿಗೂ ತನ್ನನ್ನು ಷ್ಪಾರ್ಗೆಲ್ ರಾಜಧಾನಿ ಎಂದೇ ಕರೆದುಕೊಳ್ಳುತ್ತದೆ. ಆಗಿನ ಕಾಲದ್ದು ಹಸಿರು ಷ್ಪಾರ್ಗೆಲ್. ಬಿಳಿಯದರ ಹುಚ್ಚು ಹತ್ತಿದ್ದು ಆಮೇಲೆ. ಮೊಳಕೆಗೆ ಬಿಸಿಲು ತಾಗದಂತೆ ಮಣ್ಣಿನ ದಿಂಡು ಏರಿಸಿದರೆ ಬಿಳಿಯಾಗೇ ಉಳಿಯುತ್ತದೆ, ರುಚಿಯೂ ನಯ. 19ನೇ ಶತಮಾನದಲ್ಲಿ ಬ್ರೌನ್‌ಷ್ವೈಗ್‌ನ ಕಾರ್ಖಾನೆಗಳು ಅದನ್ನು ಡಬ್ಬಿಗೆ ತುಂಬಿ ದೂರದೂರಿಗೆ ಕಳಿಸಿದವು. ಬರ್ಲಿನ್ ಹತ್ತಿರದ ಬೇಲಿಟ್ಸ್‌ನ ಮರಳು ನೆಲದಲ್ಲಿ 1861ರಲ್ಲಿ ಬೆಳೆ ಶುರುವಾಯಿತು. ರಾಜರ ತಟ್ಟೆಯಿಂದ ಪೇಟೆ ಜನರ ತಟ್ಟೆಗೆ ಷ್ಪಾರ್ಗೆಲ್ ಇಳಿದದ್ದು ಹೀಗೆ. ಈಗ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷ ಟನ್ನಿಗಿಂತ ಜಾಸ್ತಿ ಬೆಳೆಯುತ್ತಾರೆ.

ಕಷ್ಟ ಇರುವುದು ಕೊಯ್ಲಿನಲ್ಲಿ. ದಿಂಡಿನ ಮೇಲಿನ ಪ್ಲಾಸ್ಟಿಕ್ ಹಾಳೆ ಸರಿಸಬೇಕು. ಮಣ್ಣಿನಲ್ಲಿ ಸಣ್ಣ ಬಿರುಕು ಕಂಡರೆ ಒಳಗೆ ಮೊಳಕೆ ಇದೆ ಎಂದರ್ಥ. ಎರಡು ಬೆರಳು ಇಳಿಸಿ ಅದರ ಸುತ್ತ ಮಣ್ಣು ಬಿಡಿಸಬೇಕು. ಪಕ್ಕದ ಮೊಳಕೆಗೆ ಗಾಯವಾಗಬಾರದು. ಆಮೇಲೆ ಉದ್ದನೆಯ ಚಾಕು ಇಳಿಸಿ, ಬುಡದಲ್ಲಿ ಕತ್ತರಿಸಿ, ಮೆಲ್ಲಗೆ ಎಳೆಯಬೇಕು. ಗುಂಡಿ ಮುಚ್ಚಿ, ಗಾರೆಯವರ ಕರಣೆಯಂಥ ಸಲಕರಣೆಯಿಂದ ಮಣ್ಣು ಸವರಿ, ಹಾಳೆ ಎಳೆದು, ಮುಂದಿನ ಬಿರುಕಿಗೆ ಹೋಗಬೇಕು. ದಿನವೆಲ್ಲ ಬೆನ್ನು ಬಗ್ಗಿಸಿಯೇ ಇರಬೇಕು. ಬಿಸಿಲು ಏರಿದರೆ ಮೊಳಕೆ ದಿನಕ್ಕೆ ಐದಾರು ಸೆಂಟಿಮೀಟರ್ ಬೆಳೆಯುವುದರಿಂದ ನಾಳೆ ನೋಡೋಣ ಅನ್ನುವ ಹಾಗಿಲ್ಲ. ತುದಿ ಮಣ್ಣಿನಿಂದ ಇಣುಕಿ ಬೆಳಕು ಕಂಡಿತೋ, ನೇರಳೆ ಬಣ್ಣಕ್ಕೆ ತಿರುಗುತ್ತದೆ, ಬೆಲೆಯೂ ಇಳಿಯುತ್ತದೆ.

ಈ ಕೆಲಸ ಮಾಡುವವರು ಯಾರು? ಹಿಂದೆ ಊರಿನ ಹೆಂಗಸರು, ಮನೆಮಂದಿ ಮಾಡುತ್ತಿದ್ದರು. ಬರ್ಲಿನ್ ಗೋಡೆ ಬಿದ್ದ ಮೇಲೆ ಪೋಲೆಂಡಿನವರು ಬಂದರು. ನಡುವೆ ಸ್ಥಳೀಯ ನಿರುದ್ಯೋಗಿಗಳನ್ನು ಹೊಲಕ್ಕೆ ಕಳಿಸಲು ಸರ್ಕಾರ ನೋಡಿತು. ಬಂದವರಲ್ಲಿ ಬಹಳ ಮಂದಿ ನಿಲ್ಲಲಿಲ್ಲ. ಪೋಲೆಂಡಿನಲ್ಲೇ ಕೂಲಿ ಏರತೊಡಗಿದಾಗ ಅವರೂ ಕಡಿಮೆಯಾದರು, ಆ ಜಾಗಕ್ಕೆ ರೊಮೇನಿಯಾದವರು ಬಂದರು. ಬೆಳಗಾವಿ ಕಡೆ ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ್‌ನಿಂದ ಗ್ಯಾಂಗುಗಳು ಬರುವುದನ್ನು ನೋಡಿದವರಿಗೆ ಇದು ಹೊಸ ಕಥೆಯೇನಲ್ಲ, ಅಲ್ವಾ?

ಷ್ಪಾರ್ಗೆಲ್ ಕೊಯ್ಯುವುದು ಹೊರಗಿನವರು ಎನ್ನುವುದು ಜರ್ಮನಿಯವರಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೂ ಅದು ಕಣ್ಣಿಗೆ ಹೊಡೆದಂತೆ ಕಂಡದ್ದು 2020ರಲ್ಲಿ. ಕೊರೊನಾ ಬಂದು ಮಾರ್ಚ್ ಕೊನೆಗೆ ಹೊರಗಿನ ಕೂಲಿಕಾರರಿಗೂ ಗಡಿ ಮುಚ್ಚಿದರು. ಹೊಲದಲ್ಲಿ ಷ್ಪಾರ್ಗೆಲ್ ಏಳುತ್ತಿದೆ, ಕೊಯ್ಯುವವರಿಲ್ಲ. ಜನರನ್ನೆಲ್ಲ ಮನೆಯಲ್ಲೇ ಇರಿ ಎನ್ನುತ್ತಿದ್ದ ಸರ್ಕಾರವೇ ಏಪ್ರಿಲ್‌ನಲ್ಲಿ 40,000, ಮೇ ತಿಂಗಳಲ್ಲಿ 40,000 ಕೂಲಿಕಾರರು ವಿಮಾನದಲ್ಲಿ ಬರಬಹುದು ಎಂದಿತು. ರೊಮೇನಿಯಾದ ಕ್ಲೂಜ್ ವಿಮಾನ ನಿಲ್ದಾಣದ ಹೊರಗೆ ಚೀಲ ಹಿಡಿದು ಒತ್ತೊತ್ತಾಗಿ ನಿಂತವರ ಚಿತ್ರಗಳು ಯುರೋಪಿನ ತುಂಬ ಹರಿದಾಡಿದವು. ಒಂದು ತರಕಾರಿಗಾಗಿ ವಿಮಾನಗಳು! ಅದೇ ಮೇ ತಿಂಗಳಲ್ಲಿ ಬಾನ್ ಹತ್ತಿರದ ಒಂದು ತೋಟದಲ್ಲಿ ಕೂಲಿ ಸರಿಯಾಗಿ ಬರಲಿಲ್ಲವೆಂದು ರೊಮೇನಿಯಾದವರು ಬೀದಿಗಿಳಿದರು.

2022ರ ಅಕ್ಟೋಬರ್‌ನಲ್ಲಿ ಕನಿಷ್ಠ ಕೂಲಿ ಗಂಟೆಗೆ 12 ಯೂರೋ ಆಯಿತು. ಆಗ ಬೆಳೆಗಾರರದ್ದು ದೂರು: ಇಷ್ಟು ಕೊಟ್ಟರೆ ಗ್ರೀಸ್, ಸ್ಪೇನ್‌ನ ಮಾಲಿನ ಮುಂದೆ ನಿಲ್ಲಲಾಗುವುದಿಲ್ಲ. ಅವರ ಲೆಕ್ಕ ಸುಳ್ಳಲ್ಲ. ಆದರೆ 'ನಮ್ಮೂರಿನದು' ಅಂತ ಜಾಸ್ತಿ ದುಡ್ಡು ಕೇಳುವ ಬೆಳೆಯಲ್ಲಿ ಕೊಯ್ದವರ ಪಾಲು ಮಾತ್ರ ಭಾರವಾಗುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಕೊಳ್ಳುವವರು ಎರಡು ಮೊಳಕೆ ಒಂದಕ್ಕೊಂದು ಉಜ್ಜಿ ನೋಡುತ್ತಾರೆ. ಕೀಚ್ ಎಂದರೆ ತಾಜಾ. ಮನೆಯಲ್ಲಿ ತುದಿಯ ಕೆಳಗಿನಿಂದ ಬುಡದವರೆಗೆ ಸಿಪ್ಪೆ ಹೆರೆದು ಬೇಯಿಸಿ, ಆಲೂಗಡ್ಡೆ, ಹ್ಯಾಮ್, ಕರಗಿಸಿದ ಬೆಣ್ಣೆ ಜೊತೆ ತಿನ್ನುತ್ತಾರೆ. ಸಿಪ್ಪೆಯನ್ನೂ ಬಿಸಾಡುವುದಿಲ್ಲ, ಸೂಪ್ ಆಗುತ್ತದೆ. ಶ್ವೆಟ್ಜಿಂಗನ್ ಅರಮನೆ ಮುಂದಿನ ಚೌಕದಲ್ಲಿ ಷ್ಪಾರ್ಗೆಲ್ ಮಾರುವ ಹೆಂಗಸಿನ ಕಂಚಿನ ಪ್ರತಿಮೆಯೂ ಇದೆ.

ಜೂನ್ 24 ದಾಟಿದ ಮೇಲೆ ಹಾಳೆ ಸುತ್ತಿಡುತ್ತಾರೆ. ದಿಂಡುಗಳ ಮೇಲೆ ನೂಲಿನಂಥ ಹಸಿರು ಎಲೆ ಎದೆಯೆತ್ತರ ಏಳುತ್ತದೆ. ಕೊಯ್ದವರಲ್ಲಿ ಕೆಲವರು ಅಲ್ಲೇ ಬೇರೆ ಹೊಲಕ್ಕೆ ಹಣ್ಣು ಕೀಳಲು ಹೋಗುತ್ತಾರೆ. ಉಳಿದವರು ಊರಿನ ಬಸ್ಸು ಹತ್ತುತ್ತಾರೆ.