ಟಿಎನ್ ಅರ್ಜಿ: ಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ

ಒಂದು ಸೋಮವಾರ ಸಂಜೆ ಟೊರಾಂಟೊದ ನನ್ನ ಕಚೇರಿಗೆ ಬಂದ ಎಂಜಿನಿಯರ್ ಒಬ್ಬರು ಮೇಜಿನ ಮೇಲೆ ಒಂದೇ ಪುಟದ ಪತ್ರವನ್ನು ಇಟ್ಟರು. ಬೆಳಿಗ್ಗೆ ಅದನ್ನೇ ಹಿಡಿದು ಅಮೆರಿಕದ ಗಡಿಠಾಣೆಗೆ ಹೋಗಿದ್ದರು, ಮಧ್ಯಾಹ್ನದ ಹೊತ್ತಿಗೆ ಹಿಂದಿರುಗಿದ್ದರು. ಇಲ್ಲಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು, ಬಾಡಿಗೆ ಮನೆ ಬಿಡುವುದಾಗಿ ಮಾಲೀಕರಿಗೆ ತಿಳಿಸಿಯೂ ಆಗಿತ್ತು. "ಮೇಡಂ, ಅಧಿಕಾರಿ ಹತ್ತು ನಿಮಿಷವೂ ಮಾತನಾಡಲಿಲ್ಲ. ದಿನವಿಡೀ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಕೋಡ್ ಬರೆಯುತ್ತೇನೆ ಎಂದೆ. ಅಲ್ಲಿಗೆ ಮುಗಿಯಿತು" ಎಂದರು.

ಪತ್ರದಲ್ಲಿ ಅವರ ವೃತ್ತಿಯನ್ನು 'ಕಂಪ್ಯೂಟರ್ ಸಿಸ್ಟಮ್ಸ್ ಅನಲಿಸ್ಟ್' ಎಂದು ನಮೂದಿಸಿದ್ದರು. ಅಧಿಕಾರಿಯ ಲೆಕ್ಕದಲ್ಲಿ ಕೋಡ್ ಬರೆಯುವವರು ಪ್ರೋಗ್ರಾಮರ್, ಅನಲಿಸ್ಟ್ ಅಲ್ಲ. ಅವರು ಕೇಳಿದ್ದು ಟಿಎನ್, ಅಂದರೆ ನಿಗದಿತ ಪಟ್ಟಿಯಲ್ಲಿರುವ ವೃತ್ತಿಗಳವರಿಗಷ್ಟೇ ಅಮೆರಿಕದಲ್ಲಿ ತಾತ್ಕಾಲಿಕವಾಗಿ ದುಡಿಯಲು ಸಿಗುವ ಅನುಮತಿ. ಪ್ರೋಗ್ರಾಮರ್ ಎಂಬ ವೃತ್ತಿ ಆ ಪಟ್ಟಿಯಲ್ಲೇ ಇಲ್ಲ. ಕೆನಡಾದಿಂದ ಅಮೆರಿಕಕ್ಕೆ ಕೆಲಸಕ್ಕೆ ಹೋಗಬಯಸುವವರ ಟಿಎನ್ ಅರ್ಜಿಗಳನ್ನು ಹಲವು ವರ್ಷಗಳಿಂದ ಸಿದ್ಧಪಡಿಸುತ್ತ ಬಂದಿರುವ ನಾನು ಈ ದೃಶ್ಯವನ್ನು ಮತ್ತೆ ಮತ್ತೆ ನೋಡಿದ್ದೇನೆ. ಪ್ರತಿ ಬಾರಿಯೂ ಸಂಕಟವಾಗುತ್ತದೆ, ಏಕೆಂದರೆ ಇಂತಹ ಬಹುಪಾಲು ನಿರಾಕರಣೆಗಳನ್ನು ಒಂದು ವಾರದ ತಯಾರಿಯಿಂದ ತಪ್ಪಿಸಬಹುದಿತ್ತು.

ಟಿಎನ್ ಹುಟ್ಟಿದ್ದು 1994ರ ಜನವರಿ 1ರಂದು ಜಾರಿಗೆ ಬಂದ ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದದಿಂದ. ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ದೇಶಗಳು ಸರಕುಗಳ ಜೊತೆಗೆ ಕೆಲವು ವೃತ್ತಿಪರರಿಗೂ ಗಡಿಯನ್ನು ಸಡಿಲಿಸಲು ಒಪ್ಪಿದವು. 2020ರ ಜುಲೈ 1ರಂದು ಆ ಒಪ್ಪಂದದ ಜಾಗಕ್ಕೆ ಯುಎಸ್‌ಎಂಸಿಎ ಬಂದಾಗ ವೃತ್ತಿಗಳ ಪಟ್ಟಿಯನ್ನು ಹೆಚ್ಚುಕಡಿಮೆ ಇದ್ದಂತೆಯೇ ಉಳಿಸಿಕೊಂಡರು. ಇಂದಿನ ಅರ್ಜಿದಾರರ ಕಷ್ಟದ ಮೂಲ ಇಲ್ಲಿದೆ. ಅರವತ್ತಕ್ಕೂ ಹೆಚ್ಚು ವೃತ್ತಿಗಳಿರುವ ಆ ಪಟ್ಟಿ ತೊಂಬತ್ತರ ದಶಕದ ಕಣ್ಣಿನಿಂದ ಜಗತ್ತನ್ನು ನೋಡುತ್ತದೆ. ಜೇನು ಸಾಕಣೆಯ ವಿಜ್ಞಾನಿ, ಕೋಳಿ ವಿಜ್ಞಾನಿ, ಗ್ರಂಥಪಾಲಕ, ಹುಲ್ಲುಗಾವಲು ನಿರ್ವಾಹಕ ಅದರಲ್ಲಿದ್ದಾರೆ. ಡೇಟಾ ಸೈಂಟಿಸ್ಟ್ ಇಲ್ಲ, ಪ್ರಾಡಕ್ಟ್ ಮ್ಯಾನೇಜರ್ ಇಲ್ಲ, ಸಾಫ್ಟ್‌ವೇರ್ ಡೆವಲಪರ್ ಇಲ್ಲ. ಇಂದಿನ ಹುದ್ದೆಯನ್ನು ಅಂದಿನ ಪಟ್ಟಿಯ ಯಾವ ಸಾಲಿನೊಂದಿಗೆ ಪ್ರಾಮಾಣಿಕವಾಗಿ ಹೊಂದಿಸಬಹುದು ಎಂಬುದನ್ನು ಕಂಡುಕೊಳ್ಳುವುದೇ ನನ್ನ ಕೆಲಸದ ತಿರುಳು. 'ಪ್ರಾಮಾಣಿಕವಾಗಿ' ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಹೊಂದದಿದ್ದರೆ ಹೊಂದುವುದಿಲ್ಲ ಎಂದೇ ಹೇಳಿ ಕಳುಹಿಸುತ್ತೇನೆ. ಮಾಡದ ಕೆಲಸವನ್ನು ಮಾಡುತ್ತೇನೆಂದು ಬರೆಸಿಕೊಂಡು ಹೋದವರಿಗೆ ಸುಳ್ಳು ಹೇಳಿದ ಆರೋಪ ಅಂಟಿಕೊಂಡರೆ, ಆಮೇಲೆ ಯಾವ ವಕೀಲರೂ ಅದನ್ನು ಸುಲಭವಾಗಿ ತೊಳೆಯಲಾರರು.

ಆದರೂ ಟಿಎನ್ ಒಂದು ದೊಡ್ಡ ಅನುಕೂಲ. ವೃತ್ತಿಪರರಿಗೆ ಅಮೆರಿಕ ಕೊಡುವ ಇನ್ನೊಂದು ಕೆಲಸದ ವೀಸಾ ಎಚ್-1ಬಿಯಲ್ಲಿ ವರ್ಷಕ್ಕೆ 85,000 ವೀಸಾಗಳ ಮಿತಿಯಿದೆ, ಲಾಟರಿಯಿದೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ತೆರಬೇಕೆಂಬ ಅಧ್ಯಕ್ಷರ ಘೋಷಣೆಯೂ ಹೊರಬಿತ್ತು. ಟಿಎನ್‌ಗೆ ಕೆನಡಾದವರ ಮಟ್ಟಿಗೆ ಮಿತಿಯೂ ಇಲ್ಲ, ಲಾಟರಿಯೂ ಇಲ್ಲ, ದೂತಾವಾಸದಲ್ಲಿ ವೀಸಾ ಮುದ್ರೆಯ ಅಗತ್ಯವೂ ಇಲ್ಲ. ಗಡಿಠಾಣೆಯಲ್ಲಿ, ಇಲ್ಲವೇ ಟೊರಾಂಟೊ, ವ್ಯಾಂಕೂವರ್, ಕ್ಯಾಲ್ಗರಿ, ಮಾಂಟ್ರಿಯಲ್‌ನಂತಹ ವಿಮಾನ ನಿಲ್ದಾಣಗಳಲ್ಲಿರುವ ಅಮೆರಿಕದ ಪೂರ್ವತಪಾಸಣೆಯ ಕೌಂಟರ್‌ನಲ್ಲಿ ನೇರವಾಗಿ ಅರ್ಜಿ ಕೊಟ್ಟು 50 ಡಾಲರ್ ಶುಲ್ಕ ಕಟ್ಟಿದರೆ ಅಂದೇ ತೀರ್ಮಾನವಾಗುತ್ತದೆ. ಒಂದು ಬಾರಿಗೆ ಗರಿಷ್ಠ ಮೂರು ವರ್ಷ. ಅರ್ಹತೆ ಇರುವವರೆಗೆ ಎಷ್ಟು ಬಾರಿಯಾದರೂ ನವೀಕರಿಸಿಕೊಳ್ಳಬಹುದು. ಮೆಕ್ಸಿಕೊದವರು ಮಾತ್ರ ಮೊದಲು ದೂತಾವಾಸದಲ್ಲಿ ವೀಸಾ ಪಡೆಯಬೇಕು.

ನಮ್ಮ ಕನ್ನಡಿಗರಲ್ಲಿ ಅನೇಕರು ಎಡವುವುದು ಮೊದಲ ಮೆಟ್ಟಿಲಲ್ಲೇ. ಟಿಎನ್ ಇರುವುದು ಕೆನಡಾದ ಪೌರರಿಗೆ, ಕಾಯಂ ನಿವಾಸಿಗಳಿಗಲ್ಲ. ಪಿಆರ್ ಕಾರ್ಡ್ ಕೈಗೆ ಬಂದ ತಿಂಗಳಲ್ಲೇ ಕರೆ ಮಾಡುವವರಿಗೆ ನಾನು ಕೊಡಬಹುದಾದ ಉತ್ತರ ಒಂದೇ: ಐದು ವರ್ಷಗಳಲ್ಲಿ 1,095 ದಿನಗಳನ್ನು ಕೆನಡಾದಲ್ಲಿ ಕಳೆದು, ಪೌರತ್ವದ ಪ್ರಮಾಣವಚನ ಸ್ವೀಕರಿಸಿದ ಮೇಲೆ ಬನ್ನಿ.

ಎರಡನೆಯ ಮೆಟ್ಟಿಲು ಓದಿನದು. ಪಟ್ಟಿಯ ಪ್ರತಿ ವೃತ್ತಿಯ ಎದುರು ಕನಿಷ್ಠ ಅರ್ಹತೆಯನ್ನು ಬರೆದಿದೆ. ಹೆಚ್ಚಿನವುಗಳಿಗೆ ಸ್ನಾತಕ ಪದವಿ ಬೇಕು. ಎಚ್-1ಬಿಯಲ್ಲಿ ಮೂರು ವರ್ಷದ ಅನುಭವವನ್ನು ಒಂದು ವರ್ಷದ ಓದಿಗೆ ಸಮವೆಂದು ಎಣಿಸುವ ಪದ್ಧತಿಯಿದೆ. ಟಿಎನ್‌ನಲ್ಲಿ ಅದು ನಡೆಯುವುದಿಲ್ಲ. ಪದವಿ ಬೇಕೆಂದು ಬರೆದಿದ್ದರೆ ಪದವಿಯೇ ಬೇಕು, ಅದೂ ಅಮೆರಿಕದ ಪದವಿಗೆ ಸಮನಾದದ್ದು. ಭಾರತದಲ್ಲಿ ಮೂರು ವರ್ಷದ ಬಿ.ಎಸ್ಸಿ. ಅಥವಾ ಬಿ.ಕಾಂ. ಮಾಡಿ ಇಪ್ಪತ್ತು ವರ್ಷ ದುಡಿದವರಿಗೆ ಈ ಮಾತನ್ನು ಹೇಳುವುದು ನನಗೆ ಕಷ್ಟವಾಗುತ್ತದೆ. ಅವರ ಅನುಭವ ಕಡಿಮೆಯೆಂದಲ್ಲ, ನಿಯಮ ಅದನ್ನು ನೋಡುವುದೇ ಇಲ್ಲ. ಮೂರು ವರ್ಷದ ಪದವಿಯ ಮೇಲೆ ಸ್ನಾತಕೋತ್ತರ ಪದವಿ ಇದ್ದರೆ ದಾರಿ ಬಹಳಷ್ಟು ಸಲೀಸಾಗುತ್ತದೆ.

ಮೂರು ದೇಶಗಳ ಹೊರಗೆ ಪಡೆದ ಪದವಿಗೆ ತತ್ಸಮಾನತೆಯ ವರದಿಯನ್ನು ಕಡ್ಡಾಯವಾಗಿ ಲಗತ್ತಿಸಬೇಕು. "ನನ್ನ ಬಳಿ ಇದೆ ಮೇಡಂ" ಎಂದು ಕೆನಡಾದ ಕಾಯಂ ವಾಸಕ್ಕೆ ಅರ್ಜಿ ಹಾಕುವ ಎಕ್ಸ್‌ಪ್ರೆಸ್ ಎಂಟ್ರಿಗಾಗಿ ಮಾಡಿಸಿದ ಇಸಿಎ (ಪದವಿ ಮೌಲ್ಯಮಾಪನ) ವರದಿಯನ್ನು ತರುತ್ತಾರೆ. ಆ ವರದಿ ಹೇಳುವುದು ಕೆನಡಾದ ಪದವಿಗೆ ಸಮ ಎಂದು. ಗಡಿಯ ಅಧಿಕಾರಿಗೆ ಬೇಕಾದದ್ದು ಅಮೆರಿಕದ ಪದವಿಗೆ ಸಮವೇ ಎಂಬ ಉತ್ತರ. ಹೊಸ ವರದಿ ಮಾಡಿಸಿಕೊಳ್ಳಿ, ಜೊತೆಗೆ ಮೂಲ ಪದವಿ ಪ್ರಮಾಣಪತ್ರವನ್ನೂ ಅಂಕಪಟ್ಟಿಗಳನ್ನೂ ಒಯ್ಯಿರಿ. ಪದವಿ ಪ್ರಮಾಣಪತ್ರವನ್ನು ವಿಶ್ವವಿದ್ಯಾಲಯದಿಂದ ಎಂದೂ ಪಡೆಯದೆ ಅಂಕಪಟ್ಟಿಯೊಂದನ್ನೇ ನಂಬಿಕೊಂಡವರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ಅದನ್ನು ತರಿಸಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು.

ಪದವಿಯಿಲ್ಲದವರಿಗೆ ತೆರೆದಿರುವ ಬಾಗಿಲುಗಳು ಕೆಲವೇ. ಸಿಸ್ಟಮ್ಸ್ ಅನಲಿಸ್ಟ್, ಗ್ರಾಫಿಕ್ ಡಿಸೈನರ್‌ನಂತಹ ವೃತ್ತಿಗಳಿಗೆ ಡಿಪ್ಲೊಮಾ ಮತ್ತು ಮೂರು ವರ್ಷದ ಅನುಭವ ಸಾಕು. ಆದರೆ ಪಟ್ಟಿಯ ಅಡಿಟಿಪ್ಪಣಿಯನ್ನು ಯಾರೂ ಓದುವುದಿಲ್ಲ. ಆ ಡಿಪ್ಲೊಮಾ ಎರಡು ಅಥವಾ ಹೆಚ್ಚು ವರ್ಷದ್ದಾಗಿರಬೇಕು, ಕೆನಡಾ ಇಲ್ಲವೇ ಅಮೆರಿಕದ ಮಾನ್ಯತೆ ಪಡೆದ ಸಂಸ್ಥೆ ಕೊಟ್ಟದ್ದಾಗಿರಬೇಕು ಎಂದು ಅದರಲ್ಲಿದೆ. ಊರಿನ ಪಾಲಿಟೆಕ್ನಿಕ್‌ನ ಮೂರು ವರ್ಷದ ಡಿಪ್ಲೊಮಾ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಒಂಟಾರಿಯೊದ ಕಾಲೇಜೊಂದರ ಎರಡು ವರ್ಷದ ಡಿಪ್ಲೊಮಾ ಬರುತ್ತದೆ.

ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್ ಎಂಬ ವರ್ಗದ ಬಗ್ಗೆ ಒಂದು ಮಾತು ಹೇಳಲೇಬೇಕು. ಪದವಿ ಅಥವಾ ಐದು ವರ್ಷದ ಅನುಭವ ಸಾಕೆಂದು ಬರೆದಿರುವುದರಿಂದ ಬೇರೆಲ್ಲೂ ಹೊಂದದವರೆಲ್ಲ ಅದರತ್ತ ಧಾವಿಸುತ್ತಾರೆ. ಅಧಿಕಾರಿಗಳು ಅತಿ ಹೆಚ್ಚು ಅನುಮಾನದಿಂದ ನೋಡುವುದೂ ಅದನ್ನೇ. ಕಂಪನಿಯ ಕಾಯಂ ಹುದ್ದೆಯೊಂದರಲ್ಲಿ ಕೂರಲು ಹೊರಟವರು ಸಲಹೆಗಾರರಾಗುವುದಿಲ್ಲ. ಸಲಹಾ ಸಂಸ್ಥೆಯೊಂದರ ನೌಕರರಾಗಿ ಅಥವಾ ಸ್ವತಂತ್ರವಾಗಿ, ನಿರ್ದಿಷ್ಟ ಸಮಸ್ಯೆಯೊಂದಕ್ಕೆ ನಿರ್ದಿಷ್ಟ ಅವಧಿಯವರೆಗೆ ಸಲಹೆ ಕೊಡುವವರಿಗೆ ಮುಖ್ಯವಾಗಿ ಆ ವರ್ಗ. ಹಾಗೆಯೇ ದಾದಿಯರು, ಫಿಸಿಯೊಥೆರಪಿಸ್ಟ್‌ಗಳು ಪರವಾನಗಿಯ ಜೊತೆಗೆ ಆರೋಗ್ಯ ವೃತ್ತಿಪರರ ಅರ್ಹತೆಯನ್ನು ದೃಢೀಕರಿಸುವ ವೀಸಾಸ್ಕ್ರೀನ್ ಎಂಬ ಪ್ರಮಾಣಪತ್ರವನ್ನು ಮೊದಲೇ ಪಡೆದಿರಬೇಕು. ವೈದ್ಯರಿಗೆ ಬೋಧನೆ, ಸಂಶೋಧನೆಗೆ ಅವಕಾಶವಿದೆಯೇ ಹೊರತು ರೋಗಿಗಳ ಚಿಕಿತ್ಸೆಗೆಂದೇ ಟಿಎನ್ ಸಿಗುವುದಿಲ್ಲ.

ಇನ್ನು ಪತ್ರದ ವಿಚಾರ. ಉದ್ಯೋಗ ಕೊಡುವ ಕಂಪನಿ ಬರೆಯುವ ಈ ಬೆಂಬಲ ಪತ್ರವೇ ಅರ್ಜಿಯ ಜೀವ. ಯಾವ ವೃತ್ತಿ, ದಿನನಿತ್ಯ ಮಾಡುವ ಕೆಲಸವೇನು, ಎಷ್ಟು ಕಾಲ, ಸಂಬಳವೆಷ್ಟು, ಅರ್ಜಿದಾರರ ಓದೇನು, ಇಷ್ಟೂ ಅದರಲ್ಲಿ ಇರಬೇಕೆಂದು ನಿಯಮವೇ ಹೇಳುತ್ತದೆ. ಕಂಪನಿಗಳ ಎಚ್‌ಆರ್ ವಿಭಾಗದವರು ಹಿಂದಿನ ನೌಕರರೊಬ್ಬರಿಗೆ ಕೊಟ್ಟ ಪತ್ರದ ಹೆಸರನ್ನಷ್ಟೇ ಬದಲಿಸಿ ಕಳುಹಿಸುವುದುಂಟು. ಅದಕ್ಕಾಗಿ ಅವರನ್ನು ಹೆಚ್ಚು ದೂರಲಾರೆ, ಟಿಎನ್ ಅವರಿಗೆ ಅಪರೂಪದ ಕೆಲಸ. ಆದರೆ ಗಡಿಯಲ್ಲಿ ನಿಲ್ಲುವವರು ನೀವು. ಕರಡನ್ನು ನೀವೇ ಕೇಳಿ ಪಡೆಯಿರಿ, ಪ್ರತಿ ಸಾಲನ್ನೂ ಓದಿ, ನಿಮ್ಮ ನಿಜವಾದ ಕೆಲಸಕ್ಕೆ ಹೊಂದದ್ದನ್ನು ತಿದ್ದಿಸಿ. ವಾರದ ಸಮಯದಲ್ಲಿ ಎಷ್ಟು ಪಾಲು ವಿನ್ಯಾಸಕ್ಕೆ, ಎಷ್ಟು ಪರೀಕ್ಷೆಗೆ, ಎಷ್ಟು ವಿಶ್ಲೇಷಣೆಗೆ ಎಂದು ಬಿಡಿಸಿ ಬರೆಯಿಸಿ. ನೀವು ಓದಿದ ಯಾವ ವಿಷಯ ಆ ಕೆಲಸಕ್ಕೆ ಏಕೆ ಬೇಕು ಎಂಬುದೂ ಪತ್ರದಲ್ಲೇ ಇರಲಿ. ಅಧಿಕಾರಿ ಎಂಜಿನಿಯರ್ ಅಲ್ಲ. ನಿಮ್ಮ ಹಿಂದೆ ಸಾಲು ನಿಂತಿರುತ್ತದೆ. ಕಂಪನಿಯೊಳಗಿನವರಿಗೆ ಮಾತ್ರ ಅರ್ಥವಾಗುವ ಸಂಕ್ಷೇಪಗಳಿಂದ ತುಂಬಿದ ಪತ್ರವನ್ನು ಅರ್ಥಮಾಡಿಕೊಳ್ಳುವ ಹೊಣೆ ಅವರದ್ದಲ್ಲ.

ಪತ್ರದಲ್ಲಿರುವುದನ್ನು ನಿಮ್ಮ ಬಾಯಲ್ಲೂ ಹೇಳಲು ಬರಬೇಕು. ನನ್ನ ಕಚೇರಿಯಲ್ಲಿ ಅರ್ಜಿದಾರರನ್ನು ಎದುರು ಕೂರಿಸಿಕೊಂಡು "ಬೆಳಿಗ್ಗೆ ಕಚೇರಿಗೆ ಹೋದ ಮೇಲೆ ಮೊದಲು ಏನು ಮಾಡುತ್ತೀರಿ?" ಎಂದು ಕೇಳುತ್ತೇನೆ. ಬಾಯಿಪಾಠ ಮಾಡಿಸುವುದು ನನ್ನ ಉದ್ದೇಶವಲ್ಲ. ಹದಿನೈದು ವರ್ಷ ಒಂದು ಕೆಲಸವನ್ನು ಮಾಡಿದವರೂ ಅದನ್ನು ಹೊರಗಿನವರಿಗೆ ವಿವರಿಸಿದ್ದು ಅಪರೂಪ. ಮೊದಲ ಸಲ ಹೇಳುವಾಗ ಎಲ್ಲರೂ ತಡವರಿಸುತ್ತಾರೆ. ಆ ಮೊದಲ ಸಲ ಗಡಿಯಲ್ಲಿ ಆಗಬಾರದು. ಕೊನೆಯವರೆಗೂ ಅಮೆರಿಕದಲ್ಲೇ ನೆಲೆಸುವ ಇರಾದೆಯಿದೆಯೇ ಎಂದೂ ಕೇಳಬಹುದು. ಟಿಎನ್ ತಾತ್ಕಾಲಿಕ ವಾಸಕ್ಕಷ್ಟೇ. ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿದವರು ಟಿಎನ್ ನವೀಕರಿಸಲು ಹೊರಟರೆ ತೊಡಕಾಗಬಹುದು, ಹಾಗೆ ಅರ್ಜಿ ಹಾಕಿದವರಿಗೆ ಎಚ್-1ಬಿಯಲ್ಲಿರುವ ರಕ್ಷಣೆ ಇಲ್ಲಿಲ್ಲ.

ನಿರಾಕರಣೆಯ ಸೂಚನೆ ಕಂಡರೆ ಏನು ಮಾಡಬೇಕು? ಅಧಿಕಾರಿಯೊಂದಿಗೆ ವಾದಕ್ಕಿಳಿಯಬೇಡಿ. ಅರ್ಜಿಯನ್ನು ಹಿಂತೆಗೆದುಕೊಳ್ಳಲು ಅನುಮತಿ ಕೊಡಿ ಎಂದು ವಿನಯದಿಂದ ಕೇಳಿ. ಕೊಡುವುದು ಬಿಡುವುದು ಅವರ ವಿವೇಚನೆಗೆ ಬಿಟ್ಟದ್ದು, ಆದರೆ ದಾಖಲೆಯ ಕೊರತೆಯಷ್ಟೇ ಇದ್ದಾಗ ಸಾಮಾನ್ಯವಾಗಿ ಕೊಡುತ್ತಾರೆ. ಮೋಸದ ಶಂಕೆ ಬಂದು ತ್ವರಿತ ಗಡೀಪಾರಿನ ಆದೇಶವಾದರೆ ಕನಿಷ್ಠ ಐದು ವರ್ಷ ಅಮೆರಿಕದ ಬಾಗಿಲು ಮುಚ್ಚುತ್ತದೆ. ಹಿಂತೆಗೆದುಕೊಂಡವರು ಕೊರತೆ ಸರಿಪಡಿಸಿಕೊಂಡು ಮತ್ತೆ ಹೋಗಬಹುದು. ಹಿಂದೆ ನಿರಾಕರಿಸಿದ್ದರೇ ಎಂದು ಕೇಳಿದರೆ ಮುಚ್ಚಿಡದೆ ಹೇಳಿ, ಅವರ ಕಂಪ್ಯೂಟರ್‌ನಲ್ಲಿ ಅದು ಇದ್ದೇ ಇರುತ್ತದೆ. ಅಪಾಯ ಬೇಡವೆನ್ನುವವರಿಗೆ ಇನ್ನೊಂದು ದಾರಿಯೂ ಇದೆ: ಕಂಪನಿಯೇ ಐ-129 ಅರ್ಜಿಯನ್ನು ಅಮೆರಿಕದ ವಲಸೆ ಇಲಾಖೆಗೆ ಮೊದಲೇ ಸಲ್ಲಿಸಿ ಒಪ್ಪಿಗೆ ಪಡೆಯಬಹುದು. ಖರ್ಚು, ಸಮಯ ಎರಡೂ ಹೆಚ್ಚು. ಆದರೆ ಮನೆ ಖಾಲಿ ಮಾಡಿ, ಮಕ್ಕಳನ್ನು ಶಾಲೆಯಿಂದ ಬಿಡಿಸಿ ಹೊರಡುವ ಕುಟುಂಬಗಳಿಗೆ ನಾನು ಇದನ್ನೇ ಹೇಳುತ್ತೇನೆ.

ಕುಟುಂಬದವರಿಗೆ ಟಿಡಿ ಎಂಬ ಸ್ಥಾನಮಾನ ಸಿಗುತ್ತದೆ. ಓದಬಹುದು, ದುಡಿಯುವಂತಿಲ್ಲ. ಪತಿಯೋ ಪತ್ನಿಯೋ ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಅವರಿಗೆ ಗಡಿಯಲ್ಲಿ ಟಿಡಿ ಕೊಡುವುದಿಲ್ಲ, ಅಮೆರಿಕದ ದೂತಾವಾಸದಿಂದ ವೀಸಾ ಪಡೆಯಬೇಕು. ಸಂದರ್ಶನದ ದಿನಾಂಕಕ್ಕೆ ಕಾಯಬೇಕಾಗುತ್ತದೆ. ಒಬ್ಬರ ಸಂಬಳದಲ್ಲಿ ಸಂಸಾರ ನಡೆಯುತ್ತದೆಯೇ, ವೃತ್ತಿಜೀವನಕ್ಕೆ ಬೀಳುವ ತಡೆಯನ್ನು ಇನ್ನೊಬ್ಬರು ಒಪ್ಪಿದ್ದಾರೆಯೇ ಎಂದು ನಾನು ಇಬ್ಬರನ್ನೂ ಕೂರಿಸಿಕೊಂಡು ಕೇಳುತ್ತೇನೆ. ಕಾನೂನಿನ ಪ್ರಶ್ನೆಗಿಂತ ಇದು ದೊಡ್ಡದು. ಅಲ್ಲಿಗೆ ಹೋದ ಮೇಲೆ ಕೆಲಸ ಬದಲಿಸುವುದಾದರೆ ಹೊಸ ಕಂಪನಿಯ ಹೆಸರಿನಲ್ಲಿ ಹೊಸ ಟಿಎನ್ ಬೇಕು, ಅದು ಕೈಗೆ ಬರುವ ಮುನ್ನ ಅಲ್ಲಿ ಒಂದು ದಿನವೂ ದುಡಿಯಬಾರದು. ಕೆಲಸ ಹೋದರೆ ಬೇರೆ ದಾರಿ ಕಂಡುಕೊಳ್ಳಲು ಇಲ್ಲವೇ ದೇಶ ಬಿಡಲು ಗರಿಷ್ಠ 60 ದಿನಗಳ ಗಡುವು.

ಸೋಮವಾರ ಸಂಜೆ ಬಂದವರ ಕಡತವನ್ನು ಬಿಚ್ಚಿ ಕೂತಾಗ ಗೊತ್ತಾದದ್ದು ಇಷ್ಟು: ಅವರ ಪದವಿ ಎಲೆಕ್ಟ್ರಾನಿಕ್ಸ್‌ನ ನಾಲ್ಕು ವರ್ಷದ ಬಿ.ಇ. ಹೊಸ ಕೆಲಸ ಬ್ಯಾಟರಿಗಳ ನಿಯಂತ್ರಣ ಮಂಡಲಗಳನ್ನು (ಸರ್ಕ್ಯೂಟ್‌ಗಳನ್ನು) ವಿನ್ಯಾಸ ಮಾಡುವುದು. ಆ ಮಂಡಲಗಳೊಳಗೆ ಕೂರುವ ಕೋಡ್ ಬರೆಯುವುದು ಅದರ ಒಂದು ಪಾಲು ಮಾತ್ರ. ಅವರು ಮೊದಲಿನಿಂದಲೂ ಪಟ್ಟಿಯ 'ಎಂಜಿನಿಯರ್' ಸಾಲಿಗೆ ಸೇರಿದವರು. ಹಿಂದಿನ ನೌಕರರೊಬ್ಬರಿಗೆ ಬರೆದ ಪತ್ರವೇ ಇವರಿಗೂ ಬಂದಿತ್ತು. ಕಂಪನಿಯ ಮುಖ್ಯ ಎಂಜಿನಿಯರ್ ಜೊತೆ ಎರಡು ಬಾರಿ ಮಾತನಾಡಿದೆವು. ನಾಲ್ಕು ಪುಟದ ಹೊಸ ಪತ್ರ ಬಂತು, ಹೊಸ ತತ್ಸಮಾನತೆಯ ವರದಿ ಬಂತು. ಮೂರನೆಯ ವಾರ ಅದೇ ಠಾಣೆಗೆ ಹೋದರು. ಹಿಂದಿನ ನಿರಾಕರಣೆಯನ್ನು ತಾವೇ ಮೊದಲು ಹೇಳಿದರು. ಅದೇ ಪ್ರಶ್ನೆ ಬಂತು, ಈ ಸಲ ಉತ್ತರಕ್ಕೆ ಐದು ನಿಮಿಷ ತೆಗೆದುಕೊಂಡರು.

ಮಧ್ಯಾಹ್ನ ಗಡಿಯಾಚೆಯಿಂದ ಕರೆ ಮಾಡಿದಾಗ ಅವರ ದನಿ ನಡುಗುತ್ತಿತ್ತು. ಅಭಿನಂದಿಸಿ, ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದೆಂದು ತೋರಿಸುವ ಐ-94 ದಾಖಲೆ ತೆರೆದು ಕೊನೆಯ ದಿನಾಂಕ ಓದಿ ಹೇಳಿ ಎಂದೆ. ಕೇಳಿದ್ದು ಮೂರು ವರ್ಷ, ಅಲ್ಲಿದ್ದದ್ದು ಹದಿನಾಲ್ಕು ತಿಂಗಳು. ಅವರ ಪಾಸ್‌ಪೋರ್ಟ್ ಮುಗಿಯುವ ದಿನವೇ ಅದು. ಅದನ್ನು ಹೊರಡುವ ಮುನ್ನವೇ ನಾನು ಗಮನಿಸಿ ನವೀಕರಿಸಲು ಹೇಳಬೇಕಿತ್ತು. ಅಂದಿನಿಂದ ನನ್ನ ಕಚೇರಿಯ ತಪಾಸಣಾ ಪಟ್ಟಿಯಲ್ಲಿ ಪಾಸ್‌ಪೋರ್ಟಿನ ಕೊನೆಯ ದಿನಾಂಕ ಮೊದಲ ಸಾಲಿಗೆ ಬಂದಿದೆ.